ಬೂದಿಬೀದಿಯ ಎರಡು ಕಾಗದಗಳು

ಪೆಲಾಗಿಯಾಳನ್ನು ನಾನು ಮೊದಲು ನೋಡಿದ್ದು ಮದುವೆಯಾಗಿ ಬೂದಿಬೀದಿಗೆ ಬಂದ ಮೂರನೆಯ ದಿನ, ನೀರಿನ ನಲ್ಲಿಯ ಹತ್ತಿರ. ಅಂದು ಶುಕ್ರವಾರ. ನನಗೆ ಹತ್ತೊಂಬತ್ತು ವರ್ಷ. ಎರಡು ತಗಡಿನ ಡಬ್ಬ ಹಿಡಿದು ಸಾಲಿನ ಕೊನೆಯಲ್ಲಿ ನಿಂತಿದ್ದೆ. ಗೋಣಿಚೀಲ ಹೊಲಿಯುವ ದಪ್ಪ ಸೂಜಿಯನ್ನು ಎದೆಯ ಮೇಲೆ ಅಂಗಿಗೆ ಚುಚ್ಚಿಕೊಂಡಿದ್ದ ಒಬ್ಬ ಹೆಂಗಸು ಸಾಲಿನ ಮುಂದಿನಿಂದ ಹಿಂದಕ್ಕೆ ನಡೆದು ಬಂದು ನನ್ನೆದುರು ನಿಂತಳು. ಹೆಸರು ಕೇಳಲಿಲ್ಲ. ಯಾವ ಊರು ಎಂದೂ ಕೇಳಲಿಲ್ಲ.

“ನಿಮ್ಮವರಲ್ಲಿ ಇರೋರು ಯಾರು, ಹೋದೋರು ಯಾರು? ಬೇಗ ಹೇಳಮ್ಮ, ನಾಳೆ ಸತ್ತವರ ಶನಿವಾರ.”

ನನಗೆ ಗಾಬರಿಯಾಯಿತು. ಬಂದು ಮೂರು ದಿನವಾಗಿದೆ, ಯಾರನ್ನೋ ಸಾಯಿಸಲು ಹೆಸರು ಕೇಳುತ್ತಿದ್ದಾಳೆ ಅನ್ನಿಸಿತು. ಸಾಲಿನಲ್ಲಿದ್ದವರು ನಕ್ಕರು. ಅವರಲ್ಲಿ ಎತ್ತರದ ಒಬ್ಬಳು, ಹನ್ನೊಂದನೇ ಮನೆಯ ದೋಮ್ನಾ, ಹೊಸ ಸೊಸೆಗೆ ಹೆದರಬೇಡವೆಂದು ಹೇಳು, ನೀನು ಪೊಲೀಸರ ಹಾಗೆ ಕೇಳುತ್ತೀಯ ಎಂದು ಪೆಲಾಗಿಯಾಳನ್ನು ಗದರಿದಳು. ಆಮೇಲೆ ನನಗೆ ತಿಳಿಯಿತು. ವರ್ಷಕ್ಕೊಮ್ಮೆ, ಈಸ್ಟರಿಗೆ ಮೊದಲು ತೀರಿಕೊಂಡವರನ್ನು ನೆನೆಯುವ ಆ ಶನಿವಾರಕ್ಕೆ, ಇಡೀ ಬೀದಿಯ ಹೆಸರುಗಳನ್ನು ಬರೆದು ಚರ್ಚಿಗೆ ಕೊಡುವವಳು ಪೆಲಾಗಿಯಾ. ಒಂದು ಕಾಗದದಲ್ಲಿ ಬದುಕಿರುವವರು, ಒಂದು ಕಾಗದದಲ್ಲಿ ತೀರಿಕೊಂಡವರು. ಬದುಕಿರುವವರ ಹೆಸರನ್ನು ಪಾದ್ರಿ ಪೂಜಾಪೀಠದ ಪರದೆಯ ಹಿಂದೆ ಪಿಸುಮಾತಿನಲ್ಲಿ ಓದಿಕೊಳ್ಳುತ್ತಾರೆ, ಯಾರಿಗೂ ಕೇಳಿಸುವುದಿಲ್ಲ. ತೀರಿಕೊಂಡವರ ಹೆಸರನ್ನು ಎಲ್ಲರೆದುರು, ಬೇಯಿಸಿದ ಗೋಧಿಯ ತಟ್ಟೆಗಳ ಮುಂದೆ ನಿಂತು ಗಟ್ಟಿಯಾಗಿ ಓದುತ್ತಾರೆ.

ನಾನು ನಮ್ಮ ದ್ವೀಪದಲ್ಲಿ ಸತ್ತ ಅಜ್ಜ, ಅಜ್ಜಿ, ಒಬ್ಬ ತಂಗಿ, ಮೂವರ ಹೆಸರು ಹೇಳಿದೆ. ಪೆಲಾಗಿಯಾ ಅಲ್ಲೇ ಕಲ್ಲಿನ ಮೇಲೆ ಕುಳಿತು ಬರೆದುಕೊಂಡಳು. ಬರೆದಾದ ಮೇಲೆ ನನ್ನ ಡಬ್ಬಗಳನ್ನು ತಾನೇ ತೆಗೆದುಕೊಂಡು ಹೋಗಿ, ಸಾಲಿನ ಮುಂದಿದ್ದ ತನ್ನ ಜಾಗದಲ್ಲಿ ನೀರು ಹಿಡಿದು ತಂದುಕೊಟ್ಟಳು.

ಬೀದಿಗೆ ಹಲಗೆಯ ಮೇಲೆ ಬೇರೆ ಹೆಸರಿತ್ತು. ಗಾಜಿನ ಕಾರ್ಖಾನೆಯ ಚಿಮಣಿಯಿಂದ ಒಣಹಾಕಿದ ಬಟ್ಟೆಯ ಮೇಲೆ ಬೂದಿ ಬೀಳುತ್ತಿದ್ದುದರಿಂದ ನಾವು ಬೂದಿಬೀದಿ ಎನ್ನುತ್ತಿದ್ದೆವು. ಎಡಕ್ಕೆ ಹದಿನೇಳು ಮನೆ, ಬಲಕ್ಕೆ ಹದಿನೈದು. ಗೋಡೆ ಅರ್ಧ ಇಟ್ಟಿಗೆ, ಅರ್ಧ ಹಲಗೆ. ಮೇಲೆ ಡಾಂಬರು ಕಾಗದ. ನನ್ನನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲರೂ ಸಮುದ್ರದ ಆಚೆ ದಡದಲ್ಲಿ ಊರು ಸುಟ್ಟಾಗ ದೋಣಿ ಹತ್ತಿ ಓಡಿಬಂದವರು, ಇಲ್ಲವೇ ಅವರ ಮಕ್ಕಳು. ಪೆಲಾಗಿಯಾ ಬಂದಾಗ ಅವಳಿಗೆ ಹದಿಮೂರು ವರ್ಷ. ಬಂದರಿನ ನೂಕುನುಗ್ಗಲಿನಲ್ಲಿ ಒಂಬತ್ತು ವರ್ಷದ ತಮ್ಮ ಪ್ರೊದ್ರೊಮೊಸನ ಕೈ ಬಿಟ್ಟುಹೋಯಿತು. ಅವಳನ್ನು ದೋಣಿಗೆ ಎತ್ತಿಹಾಕಿದರು, ಅವನು ದಡದಲ್ಲಿ ಉಳಿದ. ಅನಾಥಾಲಯದಲ್ಲಿ ಅವಳು ಓದುಬರಹ ಕಲಿತದ್ದೇ ಅವನನ್ನು ಹುಡುಕಲು ಕಾಗದ ಬರೆಯಲಿಕ್ಕೆ. ಹುಡುಕುವ ಕಚೇರಿಗಳಿಗೆಲ್ಲ ಬೂದಿಬೀದಿಯ ವಿಳಾಸ ಕೊಟ್ಟಿದ್ದಳು. ಮದುವೆಯಾಗಲಿಲ್ಲ. ಕಾರ್ಖಾನೆಯ ಹರಿದ ಚೀಲ ಹೊಲಿದು ಬದುಕಿದಳು. ನಲವತ್ತು ವರ್ಷಕ್ಕೂ ಮೇಲೆ ಪ್ರೊದ್ರೊಮೊಸ್ ಬದುಕಿರುವವರ ಕಾಗದದಲ್ಲಿದ್ದ.

ಹತ್ತು ವರ್ಷ ನಾನು ಆ ಬೀದಿಯಲ್ಲಿದ್ದೆ. ಆಮೇಲೆ ಕಾರ್ಖಾನೆಗೆ ಜಾಗ ಬೇಕೆಂದು ಅದನ್ನು ಕೆಡವಿದರು. ಮಂಗಳವಾರ ಬೆಳಿಗ್ಗೆ ಏಳಕ್ಕೆ ಯಂತ್ರಗಳು ಬಂದವು, ಮಧ್ಯಾಹ್ನ ಎರಡಕ್ಕೆ ಎಡಗಡೆಯ ಸಾಲು ಮುಗಿದಿತ್ತು, ಕತ್ತಲಾಗುವ ಮೊದಲು ಬಲಗಡೆಯದೂ. ದೋಮ್ನಾ ತನ್ನ ಬಾಗಿಲಿನಲ್ಲಿ ಕುರ್ಚಿ ಹಾಕಿ ಕುಳಿತಳು. ಇಬ್ಬರು ಅವಳನ್ನು ಕುರ್ಚಿಯ ಸಮೇತ ಎತ್ತಿ ರಸ್ತೆಯ ಆಚೆ ಇಟ್ಟರು. ಅವಳ ಮಗ ಯೋರ್ದಾನಿಸ್ ಹಿಂದಿನ ವರ್ಷ ಹಡಗಿನ ಕೆಲಸಕ್ಕೆ ಹೋಗಿದ್ದ. ಅವನಿಗೆ ಗೊತ್ತಿದ್ದದ್ದು ಆ ಬಾಗಿಲು ಒಂದೇ.

ಆ ಸಂಜೆ ಪೆಲಾಗಿಯಾ ಕಾಗದ ತೆಗೆದು, ಬದುಕಿರುವವರ ಪಟ್ಟಿಯಲ್ಲಿ ಪ್ರೊದ್ರೊಮೊಸನ ಹೆಸರಿನ ಮೇಲೆ ಒಂದು ಗೆರೆ ಎಳೆದು ಅವನನ್ನು ಇನ್ನೊಂದು ಕಾಗದಕ್ಕೆ ಬರೆದಳು. ನಾನೂ ದೋಮ್ನಾಳೂ ಪಕ್ಕದಲ್ಲಿದ್ದೆವು. ಅವನು ಹುಡುಕಿಕೊಂಡು ಬಂದರೂ ಬರಲಿಕ್ಕೆ ಇನ್ನು ಬೀದಿ ಇಲ್ಲವಲ್ಲ ಎಂದಷ್ಟೇ ಹೇಳಿದಳು. ದೋಮ್ನಾ ಕಾಗದದ ಕಡೆ ನೋಡಲೇ ಇಲ್ಲ.

ಕಾರ್ಖಾನೆ ಆ ಜಾಗಕ್ಕೆ ಉದ್ದ ಗೋಡೆ ಕಟ್ಟಿತು. ನಮ್ಮನ್ನು ಮೂರು ಬೇರೆ ಬೇರೆ ಕಡೆ ಫ್ಲಾಟುಗಳಿಗೆ ಹಾಕಿದರು. ಈಸ್ಟರಿಗೆ ಮೊದಲು ಮೆಟ್ಟಿಲಿಗೂ ಅಂಗಳದ ಅಂಚಿಗೂ ಸುಣ್ಣ ಬಳಿಯುವುದು ನಮ್ಮ ಬೀದಿಯ ಹೆಂಗಸರ ಪದ್ಧತಿ. ಬಳಿಯಲು ಮೆಟ್ಟಿಲಿಲ್ಲದೆ ದೋಮ್ನಾ ಆ ವರ್ಷ ಬಕೆಟ್ಟು ತೆಗೆದುಕೊಂಡು ಹೋಗಿ ಕಾರ್ಖಾನೆಯ ಗೋಡೆಯ ಮೇಲೆ, ತನ್ನ ಬಾಗಿಲು ಇದ್ದ ಕಡೆ, ಬಾಗಿಲಷ್ಟೇ ಜಾಗಕ್ಕೆ ಸುಣ್ಣ ಬಳಿದಳು. ಅವಳಿಗೆ ಅಕ್ಷರ ಬಾರದು. ಪೆಲಾಗಿಯಾ ಅದರ ಮೇಲೆ ನೀಲಿಯಲ್ಲಿ ಬರೆದಳು: ದೋಮ್ನಾ, ಹನ್ನೊಂದನೇ ಮನೆ, ಈಗ ಇಂಥ ರಸ್ತೆ, ಮೂವತ್ತೆಂಟನೇ ನಂಬರು, ಮೂರನೇ ಮಹಡಿ. ಕಾವಲುಗಾರ ಒಮ್ಮೆ ಅಳಿಸಿದ. ಅವರು ಮತ್ತೆ ಬರೆದರು. ಕೊನೆಗೆ ಅವನು ಬೇಸತ್ತು ಬಿಟ್ಟುಬಿಟ್ಟ. ಆಮೇಲೆ ಪ್ರತಿ ಈಸ್ಟರಿಗೂ ಇಬ್ಬರೂ ಹೋಗಿ ಅದನ್ನು ಹೊಸದು ಮಾಡುತ್ತಿದ್ದರು.

ಹಡಗಿನಿಂದ ಹಡಗಿಗೆ ಹೋಗುತ್ತಿದ್ದ ಯೋರ್ದಾನಿಸನಿಗೆ ತಿರುಗಿ ಬರೆಯಲು ವಿಳಾಸವಿರಲಿಲ್ಲ, ಅವನ ಕಾಗದಗಳು ಹಳೇ ವಿಳಾಸಕ್ಕೇ ಬರುತ್ತಿದ್ದವು. ಅಂಚೆಯವನು ನಮ್ಮನ್ನೆಲ್ಲ ಬಲ್ಲವನು, ಹೊಸ ಮನೆಗೆ ತಂದುಕೊಡುತ್ತಿದ್ದ. ಆರು ವರ್ಷ ಬಂದವು. ಆ ಅಂಚೆಯವನು ನಿವೃತ್ತನಾದ ವರ್ಷವೇ ಕಾಗದ ನಿಂತವು. ಅದೇ ಚಳಿಗಾಲದಲ್ಲಿ ದೂರದ ಸಮುದ್ರದಲ್ಲಿ ಒಂದು ಹಡಗು ಮುಳುಗಿತೆಂದು ಬಂದರಿನಲ್ಲಿ ಮಾತಿತ್ತು. ಅವನು ಅದರಲ್ಲಿ ಇದ್ದನೆಂದು ಕೆಲವರು, ಹಿಂದಿನ ಬಂದರಿನಲ್ಲೇ ಇಳಿದುಹೋಗಿದ್ದನೆಂದು ಕೆಲವರು. ಆ ಅಂಚೆಯವನು ಇಲ್ಲದ್ದರಿಂದಲೇ ಕಾಗದ ತಲುಪುತ್ತಿಲ್ಲ ಎಂದು ದೋಮ್ನಾ ಹಟ ಹಿಡಿದಳು. ಬೀದಿಯವರೆಲ್ಲ ಹಡಗಿನ ಮಾತು ನಂಬಿದರು. ಆದರೆ ಅವಳೆದುರು ಆ ಹುಡುಗನ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತಿದರೆ ಏನೆಂದು ಕೇಳುವುದು? ಪೆಲಾಗಿಯಾ ಮಾತ್ರ ಪ್ರತಿವರ್ಷ ಏನೂ ಕೇಳದೆ ಅವನನ್ನು ಬದುಕಿರುವವರ ಕಾಗದದಲ್ಲಿ ಬರೆಯುತ್ತಿದ್ದಳು.

ಬೀದಿ ಹೋದ ಮೇಲೆ ನಾವು ಎಲ್ಲರೂ ಸೇರುತ್ತಿದ್ದುದು ಸತ್ತವರ ಶನಿವಾರ ಒಂದೇ. ಹಳೇ ಚರ್ಚಿಗೆ ಮೂರೂ ಕಡೆಯಿಂದ ಬಸ್ಸು ಹತ್ತಿ ಬರುತ್ತಿದ್ದೆವು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಕಾಫಿ, ಬ್ರಾಂದಿ. ಆಗ ಬೀದಿಯನ್ನು ಮತ್ತೆ ಕಟ್ಟುವ ಜಗಳ. ಅಂಜೂರದ ಮರ ಎಂಟನೇ ಮನೆಯದೋ ಒಂಬತ್ತರದೋ. ನಲ್ಲಿಯ ಕಲ್ಲು ಬಿರುಕು ಬಿಟ್ಟದ್ದು ಯಾರ ಹಂಡೆ ಬಿದ್ದು. ದೋಮ್ನಾಳೇ ಎಲ್ಲರನ್ನೂ ನಗಿಸುವವಳು. ಆರನೇ ಮನೆಯ ಮೇಕೆ ನನ್ನ ಮದುವೆಯ ಮುಸುಕು ತಿಂದು ಸತ್ತಿತಲ್ಲ, ಅದರ ಹೆಸರನ್ನೂ ಪಟ್ಟಿಗೆ ಸೇರಿಸು, ಪಾಪ, ಮುಸುಕು ಹೊಟ್ಟೆಯಲ್ಲಿಟ್ಟುಕೊಂಡೇ ಹೋಯಿತು ಎನ್ನುತ್ತಿದ್ದಳು. ಯಾರದಾದರೂ ಮನೆ ಎಲ್ಲಿತ್ತೆಂಬ ಜಗಳ ಬಗೆಹರಿಯದಿದ್ದರೆ ಪೆಲಾಗಿಯಾ ಕಾಗದ ಬಿಚ್ಚುತ್ತಿದ್ದಳು. ಅವಳ ಪಟ್ಟಿ ಮನೆಗಳ ಸಾಲಿನಲ್ಲೇ ಇತ್ತು, ನಲ್ಲಿಯಿಂದ ಶುರುವಾಗಿ ರೈಲುಕಂಬಿಯ ತನಕ. ಬೀದಿ ನಿಂತಿದ್ದುದು ಆ ಎರಡು ಕಾಗದಗಳಲ್ಲಿ.

ನನಗೆ ಬರೆಯಲು ಕಲಿಸಿದ್ದೂ ಅವಳೇ. ನನ್ನ ಗಂಡ ಸ್ತಮಾತಿಸ್ ಕಾರ್ಖಾನೆಯ ಕುಲುಮೆಯ ಕೆಲಸದಲ್ಲಿ ಎದೆ ಕೆಡಿಸಿಕೊಂಡು ಹೋದ ಮೇಲೆ, ಅವನ ಹೆಸರನ್ನು ನನ್ನ ಕೈಯಿಂದಲೇ ಬರೆಸಿದಳು. ಮೂರು ದಿನ ಹಿಡಿಯಿತು.

ಯೋರ್ದಾನಿಸನ ಕಾಗದ ನಿಂತು ಹನ್ನೊಂದು ವರ್ಷವಾದ ಚಳಿಗಾಲ ಪೆಲಾಗಿಯಾಳ ಎರಡು ಕಣ್ಣಿಗೂ ಪೊರೆ ಬಂತು. ನಾನು ಹೇಳುತ್ತೇನೆ, ನೀನು ಬರೆ ಎಂದಳು. ಯಾರಿಗೂ ಹೇಳಬೇಡ ಎಂದೂ ಹೇಳಿದಳು. ಕಣ್ಣು ಕಾಣದವಳ ಪಟ್ಟಿ ಎಂದರೆ ಜನ ನಂಬುವುದಿಲ್ಲ.

ಅವಳ ಅಡಿಗೆಮನೆಯ ಮೇಜಿನ ಮೇಲೆ ಎಡಕ್ಕೆ ಬದುಕಿರುವವರ ಕಾಗದ, ಬಲಕ್ಕೆ ತೀರಿಕೊಂಡವರದು. ಅವಳು ಕಣ್ಣು ಮುಚ್ಚಿ ಕುಳಿತು ಬೀದಿಯಲ್ಲಿ ನಡೆದಳು. ‘ನಲ್ಲಿ. ಈಗ ಎಡಕ್ಕೆ’ ಎನ್ನುವಳು. ಗೋಡೆ ಮುಟ್ಟುವ ಹಾಗೆ ಕೈ ಚಾಚುವಳು. ಪ್ರತಿ ಮನೆಯ ಮುಂದೆ ನಿಂತು ಮೊದಲು ಹೋದವರ ಹೆಸರು, ಆಮೇಲೆ ಇರುವವರದು. ಹನ್ನೊಂದನೇ ಮನೆಗೆ ಬಂದಾಗ ಹೊರಗೆ ಮಳೆ ಶುರುವಾಗಿತ್ತು. ಹೋದವರು: ದೋಮ್ನಾಳ ಗಂಡ ಲಾಜರೊಸ್, ಅತ್ತೆ ಸಿಮೇಲಾ. ಇರುವವರು: ಯೋರ್ದಾನಿಸ್, ದೋಮ್ನಾ.

ಲಾಜರೊಸ್, ಸಿಮೇಲಾ ಬಲಗಡೆ ಬರೆದೆ. ಯೋರ್ದಾನಿಸನ ಹೆಸರನ್ನೂ ಬಲಗಡೆಯೇ ಬರೆದೆ. ದೋಮ್ನಾಳದನ್ನು ಎಡಗಡೆ ಬರೆದೆ. ಮಳೆಯ ಸದ್ದಿತ್ತು, ದೀಪ ಮಂಕಾಗಿತ್ತು ಎಂದೆಲ್ಲ ಹೇಳಬಹುದು. ಆದರೆ ಕೈ ದೋಮ್ನಾಳ ಹೆಸರಿಗೆ ಸರಿಯಾದ ಕಡೆ ಹೋಗಿದೆ. ಬರೆದದ್ದನ್ನು ನಾನು ತಿರುಗಿ ಓದಲಿಲ್ಲ. ಪೆಲಾಗಿಯಾಳಿಗೆ ಓದಲು ಆಗುತ್ತಿರಲಿಲ್ಲ.

ಮರುದಿನ ಪಾದ್ರಿ ಗೆರಾಸಿಮೊಸ್ ಓದತೊಡಗಿದರು. ನಾನು ಪೆಲಾಗಿಯಾಳ ಮೊಣಕೈ ಹಿಡಿದು ನಿಂತಿದ್ದೆ. ದೋಮ್ನಾ ನಮ್ಮ ಮುಂದೆ ಎರಡು ಹೆಜ್ಜೆ ದೂರ, ಕೈಯಲ್ಲಿ ಮೇಣದ ಬತ್ತಿ. ನಮ್ಮವರಿಗೆ ಆ ಸಾಲು ಬಾಯಿಪಾಠ, ತಮ್ಮ ಮನೆ ಬರುವ ಹೊತ್ತಿಗೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಲಾಜರೊಸ್ ಎಂದಾಗ ದೋಮ್ನಾ ಕೈ ಎತ್ತಿದಳು. ಸಿಮೇಲಾ ಎಂದಾಗ ಎತ್ತಿದಳು. ಆಮೇಲೆ ಪಾದ್ರಿಯ ಬಾಯಿಂದ ಯೋರ್ದಾನಿಸ್ ಎಂದು ಬಂತು.

ಪೆಲಾಗಿಯಾಳ ತೋಳು ನನ್ನ ಕೈಯೊಳಗೆ ಮರದ ಹಾಗಾಯಿತು. ದೋಮ್ನಾ ತಿರುಗಲಿಲ್ಲ. ಬತ್ತಿಯ ಮೇಣ ಅವಳ ಬೆರಳ ಮೇಲೆ ಇಳಿಯುತ್ತಿತ್ತು, ಅವಳು ಬೆರಳು ಸರಿಸಲಿಲ್ಲ. ಇನ್ನೂ ಇಪ್ಪತ್ತೊಂದು ಮನೆಗಳಿದ್ದವು. ಎಲ್ಲ ಮುಗಿಯುವ ತನಕ ಹಾಗೇ ನಿಂತಿದ್ದಳು. ಹೆಸರು ಓದುವಾಗ ನಡುವೆ ಯಾರೂ ಕದಲುವುದಿಲ್ಲ.

ಬದುಕಿರುವವನನ್ನು ಸತ್ತವರಲ್ಲಿ ಓದಿಸಿದರೆ ಅವನ ಆಯುಸ್ಸು ಕತ್ತರಿಸಿದಂತೆ ಎಂದು ನಮ್ಮಲ್ಲಿ ನಂಬಿಕೆ. ಶತ್ರುಗಳು ಬೇಕೆಂದೇ ಹಾಗೆ ಬರೆಸುತ್ತಾರೆಂದು ಹೇಳುವುದುಂಟು. ಅಂಗಳದಲ್ಲಿ ಕಾಫಿಯ ಲೋಟಗಳು ಹಾಗೇ ಇದ್ದವು. ದೋಮ್ನಾ ಬಂದು ಪೆಲಾಗಿಯಾಳ ಎದುರು ನಿಂತಳು. ಯಾರು ಬರೆದದ್ದು ಎಂದು ಕೇಳಿದಳು.

ನಾನು ಬಾಯಿ ತೆರೆದೆ. ಪೆಲಾಗಿಯಾ ನನ್ನ ಕೈಯನ್ನು ಉಗುರು ಇಳಿಯುವಷ್ಟು ಹಿಸುಕಿ ಮೊದಲೇ ಉತ್ತರ ಕೊಟ್ಟಳು.

“ಪಟ್ಟಿ ನಂದು. ತಪ್ಪು ನಂದು.”

“ನಿನ್ನ ತಮ್ಮನ್ನ ಒಂದು ಗೆರೆ ಎಳೆದು ಸಾಯಿಸ್ದೆ, ಸುಲಭ ಆಯ್ತು ನಿಂಗೆ. ಈಗ ನನ್ನ ಮಗನ್ನೂ ಅಲ್ಲಿಗೇ ಕಳ್ಸ್ದೆ. ಒಬ್ಬಳೇ ಆಗ್ಹೋದೆ ಅಂತ ಬೇಜಾರಿತ್ತಾ?”

ದೋಮ್ನಾ ತನ್ನ ಗೋಧಿಯ ತಟ್ಟೆಯನ್ನು ಒಳಗಿನಿಂದ ತಂದು, ಯಾರಿಗೂ ಹಂಚದೆ, ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸಿನ ಕಡೆ ನಡೆದಳು. ಅವಳ ಹಿಂದೆ ನಾಲ್ಕು ಮನೆಯವರು ಹೋದರು. ಉಳಿದವರು ಅಂಜೂರದ ಮರದ ಮಾತೆತ್ತಲಿಲ್ಲ.

ನಾನು ಮನೆಯಲ್ಲಿ ಅತ್ತೆ. ನಾಳೆಯೇ ಹೋಗಿ ಹೇಳುತ್ತೇನೆ ಎಂದೆ. ಪೆಲಾಗಿಯಾ ಬೈದಳು.

“ಬಾಯಿ ಮುಚ್ಕೊಂಡಿರು, ಅನೆಜಿನಾ. ನಂದು ಹೇಗೂ ಮುಗೀತು, ನನ್ನ ಹೆಸರು ಕೆಟ್ಟರೆ ಕೆಡ್ಲಿ. ನಿನ್ನ ಹೆಸರು ಕೆಟ್ಟರೆ ಮುಂದೆ ಯಾರು ಬರೀತಾರೆ? ಬೀದೀನ ಇನ್ನೊಂದು ಸಲ ಕೆಡವ್ತೀಯಾ?”

ಹಾಗಾಗಿ ಸುಮ್ಮನಿದ್ದೆ. ಮುಂದಿನ ವರ್ಷ ಸತ್ತವರ ಶನಿವಾರಕ್ಕೆ ಐದು ಮನೆಯವರು ಬರಲಿಲ್ಲ. ಬಂದವರು ತಮ್ಮವರ ಹೆಸರುಗಳನ್ನು ತಾವೇ ಚೀಟಿಯಲ್ಲಿ ಬರೆದು ತಂದಿದ್ದರು, ಪೆಲಾಗಿಯಾಳಿಗೆ ಕೊಡದೆ ನೇರ ಪಾದ್ರಿಗೆ ಕೊಟ್ಟರು. ಪಾದ್ರಿ ಚೀಟಿಗಳನ್ನು ಕೈಗೆ ಸಿಕ್ಕ ಹಾಗೆ ಓದಿದರು. ನಲ್ಲಿಯ ಪಕ್ಕದ ಮನೆ ರೈಲುಕಂಬಿಯ ಪಕ್ಕಕ್ಕೆ ಹೋಯಿತು. ಪೆಲಾಗಿಯಾ ಕಣ್ಣು ಮುಚ್ಚಿ ಕೇಳುತ್ತ ನಿಂತಿದ್ದಳು. ನಡುವೆ ಒಮ್ಮೆ, ತಾನು ಎಲ್ಲಿದ್ದೇನೆ ಎಂದು ಗೊತ್ತಾಗುತ್ತಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಮನೆಗೆ ಹೋಗಿ ಎರಡು ದಿನ ಊಟ ಮಾಡಲಿಲ್ಲ.

ಆ ವರ್ಷ ಈಸ್ಟರ್ ವಾರದ ಗುರುವಾರ ನಾನು ಅವಳಿಗೆ ಹೇಳದೆ ಸುಣ್ಣದ ಬಕೆಟ್ಟು, ನೀಲಿ ಬಣ್ಣ, ಕುಂಚ ತೆಗೆದುಕೊಂಡು ಕಾರ್ಖಾನೆಯ ಗೋಡೆಗೆ ಹೋದೆ. ಹಿಂದಿನ ಈಸ್ಟರಿಗೆ ಅಲ್ಲಿ ಬರೆಯುವವರಿರಲಿಲ್ಲ, ಅಕ್ಷರ ಅಳಿದಿರುತ್ತದೆ ಎಂದುಕೊಂಡಿದ್ದೆ. ಹೋಗಿ ನೋಡಿದರೆ ದೋಮ್ನಾ ಅಲ್ಲೇ ಇದ್ದಳು. ಮಸುಕಾದ ಅಕ್ಷರಗಳ ಮೇಲೆಯೇ, ಹೂವಿನ ಚಿತ್ರ ತಿದ್ದುವ ಹಾಗೆ, ಒಂದೊಂದಾಗಿ ಕುಂಚ ಎಳೆಯುತ್ತಿದ್ದಳು. ನನ್ನನ್ನು ನೋಡಿದಳು, ಮತ್ತೆ ಗೋಡೆಯ ಕಡೆ ತಿರುಗಿದಳು. ಬಣ್ಣ ಅವಳ ಮೊಣಕೈ ತನಕ ಇಳಿದಿತ್ತು.

ನಾನು ಗೋಡೆ ಓದಿದೆ. ಹೆಸರು ಸರಿಯಿತ್ತು, ಹನ್ನೊಂದು ಸರಿಯಿತ್ತು. ಮೂವತ್ತೆಂಟರ ಎಂಟು ಒಂದು ಪಕ್ಕ ಅಳಿದುಹೋಗಿ ಅವಳು ಅದನ್ನು ಮೂರೆಂದು ತಿದ್ದಿದ್ದಳು. ಮೂವತ್ತಮೂರನೇ ನಂಬರಿನಲ್ಲಿ ಆ ರಸ್ತೆಯಲ್ಲಿ ಟೈರಿನ ಗೋದಾಮು ಇದೆ. ಹೇಳದೆ ಹೋಗಿಬಿಡೋಣ ಅನ್ನಿಸಿತು. ನಾನು ಬರೆದದ್ದು ಒಮ್ಮೆ ಅವಳಿಗೆ ಏನು ಮಾಡಿತ್ತೆಂದು ನೋಡಿದ್ದೇನೆ. ಆದರೆ ಅವನು ಬಂದರೆ, ಬಂದೇಬಿಟ್ಟರೆ, ಗೋದಾಮಿನ ಮುಂದೆ ನಿಲ್ಲುತ್ತಾನೆ.

ನಂಬರು ತಪ್ಪಿದೆ ಎಂದು ಹೇಳಿದೆ. ಅವಳು ಕುಂಚ ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದಳು. ಮೂರನ್ನು ಎಂಟು ಮಾಡಿದೆ. ಹಾಗೆ ಗೋಡೆಯ ಕಡೆಯೇ ಮುಖ ಮಾಡಿಕೊಂಡು, ತಿರುಗದೆ, ಆ ಹೆಸರು ಬರೆದದ್ದು ನಾನು, ಪೆಲಾಗಿಯಾ ಅಲ್ಲ ಎಂದೆ.

“ಗೊತ್ತು,” ಎಂದಳು ದೋಮ್ನಾ. “ಅವಳಿಗೆ ಆ ಚಳಿಗಾಲ ಕಣ್ಣೇ ಕಾಣ್ತಿರ್ಲಿಲ್ಲ. ನಂಗೆ ಓದಕ್ಕೆ ಬರಲ್ಲ ಕಣೇ, ಆದ್ರೆ ನಾನು ಕುರುಡಿ ಅಲ್ಲ. ನೀನಾಗೇ ಹೇಳ್ತೀಯಾ ಅಂತ ಒಂದು ವರ್ಷದಿಂದ ಕಾಯ್ತಿದ್ದೆ. ಕೈ ತಪ್ಪಿ ಬರೆದ್ಯಾ, ಹಾಗೇ ಅನ್ಕೊಂಡು ಬರೆದ್ಯಾ?”

ನಾನು ಯೋಚಿಸಿದೆ. ಸುಳ್ಳು ಹೇಳುವುದಾದರೆ ಎರಡು ಕಡೆಗೂ ಹೇಳಬಹುದಿತ್ತು. ಮನಸ್ಸಿನಲ್ಲಿ ಅವನು ಸತ್ತುಹೋಗಿ ಬಹಳ ವರ್ಷವಾಗಿತ್ತು, ಅದೇ ಕೈಗೆ ಬಂತೋ ಏನೋ, ನನಗೇ ಗೊತ್ತಿಲ್ಲ ಎಂದೆ.

ಕಾರ್ಖಾನೆಯ ಸೈರನ್ ಕೂಗಿತು. ಪಾಳಿ ಬಿಟ್ಟ ಗಂಡಸರು ನಮ್ಮನ್ನು ದಾಟಿಕೊಂಡು ಹೋದರು. ಅವರೆಲ್ಲ ಹೋಗುವ ತನಕ ದೋಮ್ನಾ ಕಾದಳು.

“ಹನ್ನೊಂದು ವರ್ಷ ಆಗಿತ್ತು,” ಎಂದಳು. “ನೀವ್ಯಾರೂ ಅವನ ಹೆಸರು ಎತ್ತಲಿಲ್ಲ. ಮಗು ಹೆಸರನ್ನ ನಾನೊಬ್ಬಳೇ ಗೋಡೆಗೆ ಹೇಳ್ಕೋತಿದ್ದೆ. ಆವತ್ತು ಇನ್ನೊಬ್ಬರ ಬಾಯಲ್ಲಿ ಕೇಳಿದೆ. ಸತ್ತವರ ಸಾಲಲ್ಲಿ ಬಂತು, ಎದೆ ಒಡೀತು. ಆದ್ರೂ ಕೇಳಿದೆ. ಇನ್ನೊಂದು ಸಲ ಓದ್ಲಿ ಅನ್ನಿಸ್ತು. ಅದಕ್ಕೇ ಪೆಲಾಗಿಯಾ ಮೇಲೆ ಅಷ್ಟು ಸಿಟ್ಟು ಬಂದದ್ದು, ಅರ್ಥ ಆಯ್ತಾ? ನನ್ನ ಮೇಲೇ ಬಂದದ್ದು ಅದು.”

ಆಮೇಲೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಅವನ ಹೆಸರನ್ನು ಬದುಕಿರುವವರ ಕಾಗದದಲ್ಲೇ ಬರೆಯಬೇಕು. ಪಾದ್ರಿ ಅದನ್ನು ಪರದೆಯ ಹಿಂದೆ ಪಿಸುಗುಟ್ಟಲಿ. ಆದರೆ ಪೂಜೆ ಮುಗಿದ ಮೇಲೆ, ಅಂಗಳದಲ್ಲಿ, ಎಲ್ಲರೆದುರು, ನಾನು ಅವಳ ಮುಂದೆ ನಿಂತು ಒಂದು ಸಲ ಗಟ್ಟಿಯಾಗಿ ಆ ಹೆಸರು ಹೇಳಬೇಕು. ಅಷ್ಟೇ. ಏನೂ ಸೇರಿಸಬಾರದು.

ಅವಳು ಆ ಸಂಜೆಯೇ ನನ್ನ ಜೊತೆ ಪೆಲಾಗಿಯಾಳ ಮನೆಗೆ ಬಂದಳು. ಪೆಲಾಗಿಯಾ ಹೆಜ್ಜೆಯ ಸದ್ದಿನಲ್ಲೇ ಗುರುತಿಸಿ, ಕುರ್ಚಿ ಎಳೆದು ಕೊಟ್ಟಳು. ಇಬ್ಬರೂ ಕ್ಷಮೆಯ ಮಾತಾಡಲಿಲ್ಲ. ದೋಮ್ನಾ ಮಾತ್ರ, ನಿನ್ನ ಶಿಷ್ಯೆಗೆ ಆ ಮೇಕೆಯನ್ನಾದರೂ ಸರಿಯಾದ ಕಾಗದದಲ್ಲಿ ಬರೆಯಲು ಕಲಿಸು ಎಂದಳು. ಪೆಲಾಗಿಯಾ ನಗುತ್ತ ಕಣ್ಣೊರೆಸಿಕೊಂಡಳು.

ಮರುವರ್ಷ ಐದು ಮನೆಯವರೂ ಬಂದರು. ನಾನು ಅಂಗಳದಲ್ಲಿ ನಿಂತು ಬರೆದದ್ದು ನಾನೆಂದು ಹೇಳಿದೆ. ಎಂಟನೇ ಮನೆಯವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಕೊನೆಗೆ ತನ್ನ ಚೀಟಿಯನ್ನು ನನ್ನ ಕೈಗೇ ಕೊಟ್ಟಳು. ಆಮೇಲೆ ನಾನು ಬರೆದದ್ದನ್ನೆಲ್ಲ ಪೆಲಾಗಿಯಾಳಿಗೆ ಎರಡು ಸಲ ಓದಿ ಹೇಳುತ್ತಿದ್ದೆ. ಅಂಗಳದಲ್ಲಿ ಪ್ರತಿವರ್ಷ ದೋಮ್ನಾಳ ಮುಂದೆ ನಿಂತು ಯೋರ್ದಾನಿಸ್ ಎನ್ನುತ್ತಿದ್ದೆ. ಅವಳು ತಲೆಯಾಡಿಸಿ ಕಾಫಿ ಕುಡಿಯುತ್ತಿದ್ದಳು. ಏಳು ವರ್ಷ ಹಾಗೆ ನಡೆಯಿತು.

ಎಂಟನೆಯ ವರ್ಷ ಜನವರಿಯಲ್ಲಿ ದೋಮ್ನಾ ತೀರಿಕೊಂಡಳು. ಅವಳಿಗೆ ಬೇರೆ ಯಾರೂ ಇರಲಿಲ್ಲ. ಫ್ಲಾಟಿನ ಬೀಗವನ್ನು ನಾನೇ ಹಾಕಿದೆ. ಆ ಹೊತ್ತಿಗೆ ಪೆಲಾಗಿಯಾ ಹಾಸಿಗೆ ಹಿಡಿದಿದ್ದಳು, ಎಂಬತ್ತಮೂರು ವರ್ಷ. ಸತ್ತವರ ಶನಿವಾರಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ ಮೂರರ ಹೊತ್ತಿಗೆ, ಮೇಜನ್ನು ಹಾಸಿಗೆಯ ಪಕ್ಕಕ್ಕೆ ಎಳೆಸಿಕೊಂಡಳು. ಎಡಕ್ಕೆ ಒಂದು ಕಾಗದ, ಬಲಕ್ಕೆ ಒಂದು. ಕಣ್ಣು ಮುಚ್ಚಿ ನಲ್ಲಿಯಿಂದ ಹೊರಟಳು. ಉಸಿರು ಸಾಲದೆ ಪ್ರತಿ ಮನೆಯ ಮುಂದೆ ಕೂರುತ್ತಿದ್ದಳು. ಎಂಟು, ಒಂಬತ್ತು, ಹತ್ತು ದಾಟಿದೆವು. ಹನ್ನೊಂದಕ್ಕೆ ಬಂದಾಗ ಲಾಜರೊಸ್ ಎಂದಳು, ಸಿಮೇಲಾ ಎಂದಳು, ದೋಮ್ನಾ ಎಂದಳು. ಮೂರನ್ನೂ ಬಲಗಡೆ ಬರೆದೆ, ಬರೆದದ್ದನ್ನು ಓದಿ ಹೇಳಿದೆ.

ಆಮೇಲೆ ಅವಳು ಹನ್ನೆರಡಕ್ಕೆ ಹೊರಡಲಿಲ್ಲ. ನಿದ್ದೆ ಹೋದಳೇನೋ ಎಂದುಕೊಂಡೆ. ಚಾಚಿದ ಕೈ ಮಾತ್ರ ಗಾಳಿಯಲ್ಲಿ ಹಾಗೇ ಇತ್ತು, ಆ ಬಾಗಿಲು ಮುಟ್ಟಿಕೊಂಡು.

“ಈಗ ಆ ಮನೇಲಿ ಕೇಳೋರು ಯಾರೂ ಇಲ್ಲ, ಅನೆಜಿನಾ,” ಎಂದಳು. “ಹುಡುಗನ್ನ ಯಾವ ಕಾಗದದಲ್ಲಿ ಬರೀತೀಯಾ?”